ಸೊಳ್ಳೆ ಮರಿಯ ಮೀಸೆ ನೋಡುವುದು ಹೇಗೆ? ಬಿಟ್ಟ ಪೊರೆಯಿಂದ ಶುರು ಮಾಡಿ

ಡ್ರಮ್ಮಿನ ನೀರಿನಲ್ಲಿ ತಲೆಕೆಳಗಾಗಿ ತೂಗಾಡುವ ಸೊಳ್ಳೆ ಮರಿಗಳನ್ನು ನೀವೆಲ್ಲ ನೋಡಿರುತ್ತೀರಿ. ಆಶಾ ಕಾರ್ಯಕರ್ತೆ ಮನೆಗೆ ಬಂದು ಟಾರ್ಚ್ ಬಿಟ್ಟು ತೋರಿಸಿ, "ಈ ನೀರು ಚೆಲ್ಲಿಬಿಡಿ ಅಕ್ಕಾ" ಅಂದಿರುತ್ತಾರೆ. ಚೆಲ್ಲಲೇಬೇಕು. ಆದರೆ ಚೆಲ್ಲುವ ಮೊದಲು ನಾಲ್ಕೈದು ಮರಿಗಳನ್ನು ಎತ್ತಿಟ್ಟುಕೊಳ್ಳಿ. ಅವುಗಳ ತಲೆಯ ಎರಡು ಪಕ್ಕದಲ್ಲಿ ಒಂದೊಂದು ಪುಟ್ಟ ಮೀಸೆ ಇರುತ್ತದೆ. ಕಾಲು ಮಿಲಿಮೀಟರಿನ ಆಸುಪಾಸಿನ ಕಡ್ಡಿ ಅದು. ಅಷ್ಟೇ ಜಾಗದಲ್ಲಿ ಮುಟ್ಟಿದ್ದು ತಿಳಿಯುವ ಕೂದಲು, ವಾಸನೆ ತಿಳಿಯುವ ಅಂಗ, ರುಚಿ ತಿಳಿಯುವ ಅಂಗ ಎಲ್ಲವೂ ಇರುತ್ತವೆ.

ಇದನ್ನು ನೋಡಲು ದೊಡ್ಡ ಪ್ರಯೋಗಾಲಯ ಬೇಕಾಗಿಲ್ಲ. ಹೈಸ್ಕೂಲಿನ ಮೈಕ್ರೋಸ್ಕೋಪ್ ಸಾಕು. ಇನ್ನೊಂದು ಮಾತು, ಹೆಚ್ಚಿನವರಿಗೆ ಗೊತ್ತಿಲ್ಲದ್ದು: ಮರಿಯನ್ನು ಕೊಲ್ಲಬೇಕಾಗಿಯೂ ಇಲ್ಲ. ಅದು ಬಿಟ್ಟು ಹೋದ ಪೊರೆಯಲ್ಲಿ ಮೀಸೆ ಇಡಿಯಾಗಿ ಉಳಿದಿರುತ್ತದೆ. ಮಾಂಸ ಇಲ್ಲದ ಕಾರಣ ಗಾಜಿನ ಹಾಗೆ ತಿಳಿಯಾಗಿ ಕಾಣುತ್ತದೆ. ನಾನು ಎರಡು ವರ್ಷ ಸುಮ್ನೆ ಮರಿಗಳನ್ನು ಕೊಂದು, ಸ್ಲೈಡ್ ಮಾಡಿ, ಮಬ್ಬು ಮಬ್ಬಾಗಿ ನೋಡುತ್ತಿದ್ದೆ. ಒಂದು ದಿನ ಲೋಟದ ತಳದಲ್ಲಿ ಬಿದ್ದಿದ್ದ ಪೊರೆಯನ್ನು ಎತ್ತಿ ನೋಡಿದ ಮೇಲೆ ದಾರಿಯೇ ಬದಲಾಯಿತು. ಆ ದಾರಿಯನ್ನೇ ಇಲ್ಲಿ ಹೇಳುತ್ತೇನೆ.

ಬೇಕಾಗುವ ಸಾಮಾನು

100 ಪಟ್ಟು ಮತ್ತು 400 ಪಟ್ಟು ದೊಡ್ಡದು ಮಾಡಿ ತೋರಿಸುವ ಮೈಕ್ರೋಸ್ಕೋಪ್. ಸ್ಲೈಡ್, ಕವರ್ ಸ್ಲಿಪ್. ಮೆಡಿಕಲ್ ಶಾಪಿನಲ್ಲಿ ಸಿಗುವ ಗ್ಲಿಸರಿನ್. ಬಣ್ಣ ಬಳಿಯುವ ಸಣ್ಣ ಬ್ರಷ್, ಇಂಕ್ ಫಿಲ್ಲರ್, ಎರಡು ಸೂಜಿ. ನಾಲ್ಕೈದು ಬಿಳಿ ಲೋಟ, ಅವಕ್ಕೆ ಕಟ್ಟಲು ಸೊಳ್ಳೆ ಪರದೆಯ ತುಂಡು, ರಬ್ಬರ್ ಬ್ಯಾಂಡ್. ಇಷ್ಟೇ.

ಮೈಕ್ರೋಸ್ಕೋಪ್ ಇಲ್ಲದವರು ಕಾಗದ ಮಡಚಿ ಮಾಡುವ ಫೋಲ್ಡ್‌ಸ್ಕೋಪ್ ಬಳಸಬಹುದು. ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಮತ್ತು ಸಂಗಡಿಗರು 2014ರಲ್ಲಿ ಅದರ ವಿವರ ಪ್ರಕಟಿಸಿದರು. ಸುಮಾರು 140 ಪಟ್ಟು ತೋರಿಸುತ್ತದೆ. ಮೀಸೆ, ಅದರ ಮೇಲಿನ ಕೂದಲ ಕುಚ್ಚು ಅದರಲ್ಲಿ ಚೆನ್ನಾಗಿ ಕಾಣುತ್ತವೆ. ತುದಿಯ ಸಣ್ಣ ಅಂಗಗಳಿಗೆ ಮಾತ್ರ 400 ಪಟ್ಟಿನದೇ ಬೇಕು.

ಮೊದಲ ಹೆಜ್ಜೆ: ಮರಿ ಹಿಡಿಯುವುದು, ಸಾಕುವುದು

ತಿಳಿನೀರಿನ ಡ್ರಮ್ಮು, ಹೂಕುಂಡದ ಕೆಳಗಿನ ತಟ್ಟೆ, ತೆಂಗಿನ ಚಿಪ್ಪು, ಹಳೇ ಟೈರು, ಇಂಥ ಕಡೆ ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮರಿ ಸಿಗುತ್ತದೆ. ಚರಂಡಿಯ ಕೊಳಕು ನೀರಿನಲ್ಲಿ ಕ್ಯೂಲೆಕ್ಸ್ ಎಂಬ ಇನ್ನೊಂದು ಬಗೆಯ ಸೊಳ್ಳೆ ಜಾಸ್ತಿ. ನೀರಿನ ಮೇಲ್ಮೈಗೆ ಸಮನಾಗಿ, ಅಡ್ಡಡ್ಡ ಮಲಗಿದ್ದರೆ ಅದು ಮಲೇರಿಯಾ ಹರಡುವ ಅನಾಫಿಲಿಸ್. ಅದಕ್ಕೆ ಬಾಲದ ಬಳಿ ಉಸಿರುಕೊಳವೆ ಇರುವುದಿಲ್ಲ. ಮಿಕ್ಕ ಎರಡಕ್ಕೂ ಇರುತ್ತದೆ. ಈಡಿಸ್‌ನದು ಗಿಡ್ಡ, ಕ್ಯೂಲೆಕ್ಸ್‌ನದು ಉದ್ದ.

ದೊಡ್ಡ ಮರಿಗಳನ್ನೇ ಆರಿಸಿಕೊಳ್ಳಿ. ಒಂದು ಲೋಟಕ್ಕೆ ಒಂದೇ ಮರಿ, ಅದೇ ಡ್ರಮ್ಮಿನ ನೀರು, ಚಿಟಿಕೆಗಿಂತ ಕಡಿಮೆ ಮೀನಿನ ಆಹಾರ. ಜಾಸ್ತಿ ಹಾಕಿದರೆ ನೀರು ಕೊಳೆತು ಮರಿ ಸಾಯುತ್ತದೆ. ಒಂದೇ ಮರಿ ಯಾಕೆ ಅಂದರೆ, ಹತ್ತಾರು ಒಟ್ಟಿಗಿದ್ದರೆ ಬಿದ್ದ ಪೊರೆಯನ್ನು ಮಿಕ್ಕವು ಕೆರೆದು ತಿಂದು ಹಾಳು ಮಾಡುತ್ತವೆ.

ಲೋಟದ ಬಾಯಿಗೆ ಪರದೆ ಕಟ್ಟುವುದನ್ನು ಒಂದು ದಿನವೂ ಮರೆಯಬೇಡಿ. ನಮ್ಮ ಹವೆಯಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆಯ ತನಕ ಒಂದು ವಾರದಿಂದ ಹತ್ತು ದಿನ ಸಾಕು. ನೀವು ದೊಡ್ಡ ಮರಿಯನ್ನೇ ಹಿಡಿದಿರುವುದರಿಂದ ಸಮಯ ಇನ್ನೂ ಕಡಿಮೆ. ಡೆಂಗಿ ಹರಡುವ ಸೊಳ್ಳೆಯನ್ನು ನಾವೇ ಸಾಕಿ ಬಿಟ್ಟಂತೆ ಆಗಬಾರದು. ಮಕ್ಕಳ ಜೊತೆ ಮಾಡುವುದಾದರೆ ಲೋಟ ಎಣಿಸುವ ಕೆಲಸವನ್ನು ಒಬ್ಬರಿಗೆ ವಹಿಸಿ, ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ.

ಎರಡನೇ ಹೆಜ್ಜೆ: ಪೊರೆ ಹುಡುಕುವುದು

ಸೊಳ್ಳೆ ಮರಿ ಬೆಳೆಯುವಾಗ ಮೂರು ಸಲ ಪೊರೆ ಬಿಟ್ಟು ನಾಲ್ಕನೇ ಹಂತಕ್ಕೆ ಬರುತ್ತದೆ. ಆಮೇಲೆ ಇನ್ನೊಂದು ಸಲ ಪೊರೆ ಬಿಟ್ಟು ಪ್ಯೂಪಾ ಆಗುತ್ತದೆ. ನಮಗೆ ಬೇಕಾದ್ದು ಈ ಕೊನೆಯ ಪೊರೆ. ಅದೇ ಎಲ್ಲಕ್ಕಿಂತ ದೊಡ್ಡದು.

ಲೋಟದಲ್ಲಿ ಅಲ್ಪವಿರಾಮ ಚಿಹ್ನೆಯಂಥ, ದಪ್ಪ ತಲೆಯ ಜೀವಿ ಉರುಳಾಡುತ್ತಿದ್ದರೆ ಮರಿ ಪ್ಯೂಪಾ ಆಗಿದೆ ಎಂದು ಅರ್ಥ. ಪೊರೆ ಅಲ್ಲೇ ಎಲ್ಲೋ ಇದೆ. ಲೋಟದ ನೀರನ್ನು ಕಪ್ಪು ತಟ್ಟೆಗೆ ಸುರಿದು, ಪಕ್ಕದಿಂದ ಟಾರ್ಚ್ ಬಿಡಿ. ಬಿಳಿಚಿದ ಹತ್ತಿಯ ಎಳೆಯ ಹಾಗೆ ಏನೋ ತೇಲುತ್ತಿರುತ್ತದೆ, ಅದರ ಒಂದು ತುದಿಯಲ್ಲಿ ಕಂದು ಬಣ್ಣದ ಚುಕ್ಕೆ. ಆ ಚುಕ್ಕೆಯೇ ತಲೆಯ ಚಿಪ್ಪು. ಬ್ರಷ್ಷಿನ ತುದಿಯಿಂದ ಮೆಲ್ಲಗೆ ಎತ್ತಿ. ಚಿಮಟ ಬಳಸಬೇಡಿ, ಮೀಸೆ ಮುರಿಯುತ್ತದೆ. ಆ ದಿನವೇ ಎತ್ತಿಬಿಡಿ. ಎರಡು ದಿನ ಬಿಟ್ಟರೆ ಪೊರೆಗೆ ಬೂಸ್ಟು ಹತ್ತಿ ಕೂದಲು ಯಾವುದು, ಬೂಸ್ಟಿನ ಎಳೆ ಯಾವುದು ಎಂದು ಗೊತ್ತಾಗದೆ ಹೋಗುತ್ತದೆ.

ಪೊರೆ ಸಿಕ್ಕ ಕೂಡಲೇ ಪ್ಯೂಪಾವನ್ನು ಬಿಸಿನೀರಿಗೆ ಹಾಕಿಬಿಡಿ. ಎರಡು ದಿನದಲ್ಲಿ ಅದು ಸೊಳ್ಳೆ ಆಗುತ್ತದೆ.

ಮೂರನೇ ಹೆಜ್ಜೆ: ಸ್ಲೈಡ್

ಪೊರೆಯನ್ನು ತಿಳಿನೀರಿನಲ್ಲಿ ಎರಡು ಸಲ ಜಾಲಿಸಿ. ಸ್ಲೈಡಿನ ಮೇಲೆ ಅರ್ಧ ಗ್ಲಿಸರಿನ್, ಅರ್ಧ ನೀರು ಬೆರೆಸಿದ ಒಂದು ಹನಿ ಹಾಕಿ, ಪೊರೆ ಇಡಿ. ಬರೀ ನೀರಾದರೆ ಹತ್ತು ನಿಮಿಷದಲ್ಲಿ ಒಣಗಿ ಗಾಳಿ ನುಗ್ಗುತ್ತದೆ. ಸೂಜಿಯಿಂದ ತಲೆಯನ್ನು ಮೈಯಿಂದ ಬೇರೆ ಮಾಡಿ, ಬೆನ್ನಿನ ಕಡೆ ಮೇಲಕ್ಕೆ ಬರುವಂತೆ ತಿರುಗಿಸಿ. ಪೊರೆ ಬಿಡುವಾಗ ತಲೆಯ ಚಿಪ್ಪು ಗೆರೆಯುದ್ದಕ್ಕೂ ಬಿರಿದಿರುತ್ತದೆ. ಹಾಗಾಗಿ ಎರಡು ಮೂರು ಹೋಳಾಗಿ ಕಂಡರೆ ಹೆದರಬೇಡಿ.

ಕವರ್ ಸ್ಲಿಪ್ಪನ್ನು ಓರೆಯಾಗಿ, ಒಂದು ಅಂಚಿನಿಂದ ನಿಧಾನಕ್ಕೆ ಇಳಿಸಿ. ಒತ್ತಬೇಡಿ. ತಲೆಯ ಅಕ್ಕಪಕ್ಕ ಎರಡು ತಲೆಗೂದಲಿನ ತುಂಡು ಇಟ್ಟರೆ ಕವರ್ ಸ್ಲಿಪ್ ಅವುಗಳ ಮೇಲೆ ನಿಲ್ಲುತ್ತದೆ, ಮೀಸೆ ಚಪ್ಪಟೆ ಆಗುವುದಿಲ್ಲ. ಬಹಳ ದಿನ ಇಡುವುದಾದರೆ ಅಂಚಿಗೆ ಬಣ್ಣವಿಲ್ಲದ ಉಗುರುಬಣ್ಣ ಬಳಿಯಿರಿ.

ನಾಲ್ಕನೇ ಹೆಜ್ಜೆ: ಮೀಸೆ ಯಾವುದು?

ಇಲ್ಲಿ ಬಹಳ ಜನ ಎಡವುತ್ತಾರೆ. ತಲೆಯ ಮುಂದುಗಡೆ ನಡುವಿನಲ್ಲಿ ಎರಡು ದಟ್ಟ ಕುಚ್ಚುಗಳು ಕಾಣುತ್ತವೆ, ಕಸಬರಿಕೆಯ ಹಾಗೆ. ಅವು ಮೀಸೆ ಅಲ್ಲ. ಬಾಯಿಗೆ ಊಟ ತಳ್ಳುವ ಕುಚ್ಚುಗಳು. ಬದುಕಿರುವ ಮರಿಯಲ್ಲಿ ಅವು ಸದಾ ಬೀಸುತ್ತಿರುತ್ತವೆ. ನನ್ನ ಮೊದಲ ಚಿತ್ರದಲ್ಲಿ ಅವನ್ನೇ ಮೀಸೆ ಎಂದು ಬರೆದಿದ್ದೆ. ನಿಜವಾದ ಮೀಸೆ ಅವುಗಳಿಂದ ಹೊರಕ್ಕೆ, ತಲೆಯ ಮುಂದಿನ ಮೂಲೆಯಲ್ಲಿ, ಒಂದೊಂದೇ ಕಡ್ಡಿಯಾಗಿ ಚಾಚಿಕೊಂಡಿರುತ್ತದೆ. ಅದರಲ್ಲಿ ಗೆಣ್ಣುಗಳಿಲ್ಲ, ಒಂದೇ ತುಂಡು.

ಮೊದಲು 100 ಪಟ್ಟಿನಲ್ಲಿ ಇಡೀ ಕಡ್ಡಿಯನ್ನು ನೋಡಿ. ಈಡಿಸ್ ಈಜಿಪ್ಟೈ ಆದರೆ ಕಡ್ಡಿ ನುಣ್ಣಗೆ ಇರುತ್ತದೆ, ನಡುವಿನ ಬಳಿ ಒಂದೇ ಒಂದು ಸಣ್ಣ ಕೂದಲು. ಕ್ಯೂಲೆಕ್ಸ್ ಆದರೆ ಕಡ್ಡಿಯ ಮೈತುಂಬ ಪುಟ್ಟ ಮುಳ್ಳುಗಳು, ತುದಿಗೆ ಹತ್ತಿರ ಬೀಸಣಿಗೆಯಂತೆ ಬಿಚ್ಚಿಕೊಂಡ ದೊಡ್ಡ ಕುಚ್ಚು. ಆ ಕುಚ್ಚು ದಾಟಿದ ಮೇಲೆ ಕಡ್ಡಿ ತಟ್ಟನೆ ಸಣ್ಣಗಾಗುತ್ತದೆ. ಒಂದೇ ಮನೆಯ ಡ್ರಮ್ಮಿನದು, ಚರಂಡಿಯದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಒಮ್ಮೆ ನೋಡಿದರೆ ಮತ್ತೆ ಮರೆಯುವುದಿಲ್ಲ.

ಐದನೇ ಹೆಜ್ಜೆ: ತುದಿಯನ್ನು ಓದುವುದು

ಈಗ 400 ಪಟ್ಟು. ಬೆಳಕು ಸ್ವಲ್ಪ ಕಡಿಮೆ ಮಾಡಿ, ಡಯಾಫ್ರಮ್ (ಸ್ಲೈಡಿನ ಕೆಳಗೆ ಬೆಳಕು ಬರುವ ಕಿಂಡಿ) ಕಿರಿದು ಮಾಡಿ. ಬೆಳಕು ಜಾಸ್ತಿ ಇದ್ದರೆ ತಿಳಿಯಾದ ಅಂಗಗಳು ಬೆಳಕಿನಲ್ಲೇ ಕರಗಿಹೋಗುತ್ತವೆ. ಫೋಕಸ್ ತಿರುಪನ್ನು ಒಂದು ಕಡೆ ನಿಲ್ಲಿಸದೆ ಕೂದಲೆಳೆಯಷ್ಟು ಮೇಲೆ ಕೆಳಗೆ ಆಡಿಸುತ್ತಾ ಇರಿ.

ಕಡ್ಡಿಯ ತುದಿಯಲ್ಲಿ ಎರಡು ಮೂರು ಕೂದಲುಗಳು ಕಾಣುತ್ತವೆ. ಅವುಗಳ ನಡುವೆ ಒಂದು ಪುಟ್ಟ ಶಂಕು, ಒಂದು ಗಿಡ್ಡ ಗೂಟ. ಶಂಕುವಿನ ಗೋಡೆ ಎಷ್ಟು ತೆಳು ಅಂದರೆ ಅದರ ಅಂಚು ಮಾತ್ರ ಒಂದು ಗೆರೆಯಾಗಿ ಕಾಣುತ್ತದೆ, ಒಳಗೆ ಖಾಲಿ. ಈಡಿಸ್ ಈಜಿಪ್ಟೈ ಮರಿಯ ಈ ಶಂಕುವನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿ ಝಚಾರುಕ್ ಮತ್ತು ಸಂಗಡಿಗರು 1971ರಲ್ಲೇ ವಿವರಿಸಿದ್ದರು. ಮರಿಯ ಮೂಗು ಎಂದರೆ ಇದೇ.

ಯಾವ ಅಂಗ ಏನು ಕೆಲಸ ಮಾಡುತ್ತದೆ ಎಂದು ಆಕಾರ ನೋಡಿ ಊಹಿಸುವ ಒಂದು ಕ್ರಮ ಇದೆ. ಕೂದಲಿನ ಬುಡ ನೋಡಿ. ಬುಡದಲ್ಲಿ ಬಟ್ಟಲಿನಂಥ ಗುಳಿ ಇದ್ದು, ಕೂದಲು ಅದರಲ್ಲಿ ಅಲುಗಾಡುವಂತೆ ಕೂತಿದ್ದರೆ ಅದು ಮುಟ್ಟಿದ್ದನ್ನೋ ನೀರಿನ ಅಲುಗಾಟವನ್ನೋ ತಿಳಿಯುವ ಕೂದಲು. ಕೂದಲು ಬಾಗಿದರೆ ಬುಡದ ನರಕ್ಕೆ ಸುದ್ದಿ ಹೋಗುತ್ತದೆ. ಗಿಡ್ಡ ಗೂಟವಾಗಿದ್ದು ತುದಿಯಲ್ಲಿ ಒಂದೇ ರಂಧ್ರ ಇದ್ದರೆ ಸಾಮಾನ್ಯವಾಗಿ ರುಚಿಯದ್ದು. ಗೋಡೆ ತೆಳುವಾಗಿದ್ದು ಮೈತುಂಬ ರಂಧ್ರ ಇದ್ದರೆ ವಾಸನೆಯದ್ದು. ರಂಧ್ರವೇ ಇಲ್ಲದ, ಗುಳಿಯೊಳಗೆ ಕೂತ ಗೂಟಗಳೂ ಕೀಟಗಳಲ್ಲಿ ಇವೆ. ಅವು ಬಿಸಿ ತಂಪು ತಿಳಿಯುವವು.

ಕೂದಲಿನ ಬುಡದ ಗುಳಿಯನ್ನು ನಮ್ಮ ಮೈಕ್ರೋಸ್ಕೋಪಿನಲ್ಲಿ ನೋಡಬಹುದು. ರಂಧ್ರಗಳನ್ನು ನೋಡಲು ಆಗುವುದಿಲ್ಲ. ಬೆಳಕಿನ ಮೈಕ್ರೋಸ್ಕೋಪ್ ಎಷ್ಟೇ ಒಳ್ಳೆಯದಾದರೂ 0.2 ಮೈಕ್ರಾನಿಗಿಂತ ಸಣ್ಣದನ್ನು ಬಿಡಿಸಿ ತೋರಿಸದು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ವಾಸನೆಯ ರಂಧ್ರಗಳು ಅದಕ್ಕಿಂತಲೂ ಬಹಳ ಸಣ್ಣವು. ಹಾಗಾಗಿ ನಿಮ್ಮ ಪುಸ್ತಕದಲ್ಲಿ "ವಾಸನೆಯ ಅಂಗ" ಎಂದು ಬರೆಯಬೇಡಿ. "ತೆಳು ಗೋಡೆಯ ಶಂಕು" ಎಂದು ಕಂಡದ್ದನ್ನೇ ಬರೆಯಿರಿ. ಊಹೆಯನ್ನು ಪಕ್ಕದಲ್ಲಿ ಬೇರೆ ಬಣ್ಣದಲ್ಲಿ ಬರೆಯಿರಿ.

ನೀರಿನೊಳಗೆ ವಾಸನೆ ಎಂದರೇನು ಎಂದು ಮಕ್ಕಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ ಅಲ್ವಾ? ನಮಗೆ ಗಾಳಿಯಲ್ಲಿ ಬಂದದ್ದು ವಾಸನೆ, ನಾಲಿಗೆಗೆ ತಾಗಿದ್ದು ರುಚಿ. ನೀರಿನಲ್ಲಿ ಎರಡೂ ಕರಗಿಯೇ ಬರಬೇಕು. ಆದರೂ ಮರಿಯ ಮೈಯಲ್ಲಿ ಎರಡೂ ಬಗೆಯ ಅಂಗಗಳು ಬೇರೆ ಬೇರೆಯಾಗಿಯೇ ಇವೆ. 2008ರಲ್ಲಿ ಆಫ್ರಿಕಾದ ಮಲೇರಿಯಾ ಸೊಳ್ಳೆ ಅನಾಫಿಲಿಸ್ ಗ್ಯಾಂಬಿಯೆಯ ಮರಿಗಳ ಮೇಲೆ ಒಂದು ಅಧ್ಯಯನ ಬಂತು. ದೊಡ್ಡ ಸೊಳ್ಳೆ ಗಾಳಿಯಲ್ಲಿ ವಾಸನೆ ಹಿಡಿಯಲು ಬಳಸುವ ಬಗೆಯದೇ ಗ್ರಾಹಕಗಳು ಮರಿಯ ಮೀಸೆಯ ನರಕೋಶಗಳಲ್ಲೂ ಸಿಕ್ಕವು. ನೀರಿನಲ್ಲಿದ್ದರೂ ಮರಿ ಮೂಸುತ್ತದೆ ಎನ್ನಲು ಇದು ಒಳ್ಳೆಯ ಆಧಾರ.

ಆರನೇ ಹೆಜ್ಜೆ: ನೇರಳೆ ಬಣ್ಣದ ಪರೀಕ್ಷೆ

ರಂಧ್ರ ಕಾಣದಿದ್ದರೂ ಅದು ಇದೆಯೋ ಇಲ್ಲವೋ ಎಂದು ಪರೀಕ್ಷಿಸಲು ದಾರಿ ಇದೆ. ಎಲೀನರ್ ಸ್ಲೈಫರ್ ಎಂಬ ವಿಜ್ಞಾನಿ 1960ರಲ್ಲಿ ಕ್ರಿಸ್ಟಲ್ ವಯೊಲೆಟ್ ಬಣ್ಣದಿಂದ ಮಾಡಿ ತೋರಿಸಿದ ಉಪಾಯ. ಕೀಟದ ಹೊರಚಿಪ್ಪಿನಲ್ಲಿ ಬಣ್ಣ ಇಳಿಯುವುದಿಲ್ಲ. ರಂಧ್ರ ಇರುವ ಕಡೆ ಮಾತ್ರ ಒಳಗೆ ಇಳಿಯುತ್ತದೆ. ಮೊದಲೆಲ್ಲ ಬಾಯಿಹುಣ್ಣಿಗೆ ಹಚ್ಚುತ್ತಿದ್ದ ನೇರಳೆ ಔಷಧ, ಜೆನ್ಷನ್ ವಯೊಲೆಟ್, ಮುಖ್ಯವಾಗಿ ಇದೇ ಬಣ್ಣ. ಒಂದು ಶೇಕಡಾದ್ದು ಸಿಕ್ಕರೆ ಅಷ್ಟೇ ನೀರು ಬೆರೆಸಿ.

ಈ ಪರೀಕ್ಷೆಗೆ ಪೊರೆ ಆಗದು. ಪೊರೆ ಒಳಗೂ ಹೊರಗೂ ತೆರೆದಿರುವುದರಿಂದ ಬಣ್ಣ ಎಲ್ಲ ಕಡೆಯಿಂದ ನುಗ್ಗುತ್ತದೆ, ಏನೂ ತಿಳಿಯುವುದಿಲ್ಲ. ಇದೊಂದಕ್ಕೆ ಆಗತಾನೇ ಸತ್ತ ಮರಿ ಬೇಕು. ಐಸ್ ನೀರಿನಲ್ಲಿಟ್ಟು ಚಲನೆ ಪೂರ್ತಿ ನಿಂತ ಮೇಲೆ ಬಣ್ಣದಲ್ಲಿ ಅದ್ದಿ. ಐದು ನಿಮಿಷದಿಂದ ಶುರು ಮಾಡಿ, ಸಾಲದಿದ್ದರೆ ಅರ್ಧ ಗಂಟೆ ಬಿಡಿ. ಆಮೇಲೆ ನೀರಿಗೆ ಬಣ್ಣ ಬಿಡುವುದು ನಿಲ್ಲುವ ತನಕ ಮರಿಯನ್ನು ತೊಳೆದು, ನೋಡಿ. ಯಾವ ಗೂಟ ಮೊದಲು ನೇರಳೆ ಆಯಿತು, ಯಾವ ಕೂದಲು ಹಾಗೇ ಉಳಿಯಿತು ಎಂದು ಗುರುತು ಮಾಡಿಕೊಳ್ಳಿ.

ಮುರಿದ ಕೂದಲೂ ಬಣ್ಣ ಹೀರುತ್ತದೆ. ಅದಕ್ಕೇ ಎಡ ಬಲ ಎರಡೂ ಮೀಸೆ ನೋಡಿ, ಕಡಿಮೆಯೆಂದರೆ ಐದು ಮರಿ ನೋಡಿ. ಎಲ್ಲದರಲ್ಲೂ ಅದೇ ಜಾಗ ನೇರಳೆ ಆಗಿದ್ದರೆ ಮಾತ್ರ ನಂಬಿ. ಕೈಗೆ, ಬಟ್ಟೆಗೆ ತಾಗಿದರೆ ಈ ಬಣ್ಣ ದಿನಗಟ್ಟಲೆ ಹೋಗುವುದಿಲ್ಲ. ಕೈಗವಸು ಹಾಕಿಕೊಳ್ಳಿ.

ಏಳನೇ ಹೆಜ್ಜೆ: ಅಕ್ವೇರಿಯಂ ಅಂಗಡಿಯ ಕೆಂಪು ಹುಳ

ಮೀಸೆ ನೋಡುವ ಚಟ ಹತ್ತಿದ ಮೇಲೆ ಇದನ್ನು ಬಿಡಬಾರದು. ಅಕ್ವೇರಿಯಂ ಅಂಗಡಿಯಲ್ಲಿ ಮೀನಿಗೆ ಹಾಕಲು "ಬ್ಲಡ್ ವರ್ಮ್" ಎಂದು ಐಸ್ ಗಟ್ಟಿ ಮಾಡಿದ ಹುಳ ಮಾರುತ್ತಾರೆ. ಹೆಸರಿಗೆ ಹುಳ, ನಿಜಕ್ಕೆ ಅದು ಕೈರೊನೊಮಸ್ ಎಂಬ ಕಚ್ಚದ ನೊಣದ ಮರಿ. ನೋಡಲು ಸೊಳ್ಳೆಯ ಹಾಗೇ ಇರುವ, ಕೆರೆಯ ಬಳಿ ಸಂಜೆ ದೀಪಕ್ಕೆ ಮುತ್ತುವ ಕೀಟ. ಮರಿಗಳು ಕೆರೆಯ ಕೆಸರಿನಲ್ಲಿ ಕೊಳವೆ ಕಟ್ಟಿಕೊಂಡು ಬದುಕುತ್ತವೆ. ನಮ್ಮ ರಕ್ತದಲ್ಲಿರುವಂತೆ ಹಿಮೋಗ್ಲೋಬಿನ್ ಇರುವುದರಿಂದ ಆ ಕೆಂಪು.

ಒಂದು ತುಂಡನ್ನು ನೀರಿನಲ್ಲಿ ಕರಗಿಸಿ, ಒಂದು ಹುಳದ ತಲೆಯನ್ನು ಸೂಜಿಯಿಂದ ಬೇರೆ ಮಾಡಿ, ಹೊಟ್ಟೆಯ ಕಡೆ ಮೇಲೆ ಮಾಡಿ ಗ್ಲಿಸರಿನ್ನಿನಲ್ಲಿ ಇಡಿ. ಒಣಗಿಸಿದ ಬ್ಲಡ್ ವರ್ಮ್ ಪುಡಿಯಿಂದ ಕೆಲವರಿಗೆ ಅಲರ್ಜಿ ಆಗುತ್ತದೆ. ಆಸ್ತಮಾ ಇರುವವರು ಒಣಗಿದ್ದರ ತಂಟೆಗೆ ಹೋಗಬೇಡಿ.

ಇಲ್ಲಿನ ಮೀಸೆ ಸೊಳ್ಳೆಯದರ ಹಾಗಲ್ಲ. ಕೈರೊನೊಮಸ್‌ನಲ್ಲಿ ಐದು ತುಂಡು. ಮೊದಲನೆಯದು ಉದ್ದ, ದಪ್ಪ, ಆಮೇಲಿನವು ಒಂದಕ್ಕಿಂತ ಒಂದು ಸಣ್ಣ. ಮೊದಲ ತುಂಡಿನ ಕೆಳಭಾಗದಲ್ಲಿ ಒಂದು ದುಂಡು ಗುರುತು ಹುಡುಕಿ. ಬಳೆ ಬಿಟ್ಟ ಅಚ್ಚಿನ ಹಾಗೆ ಇರುತ್ತದೆ. ಅದು ಉಂಗುರಾಂಗ. ಅದೇ ತುಂಡಿನ ತುದಿಯಿಂದ ಒಂದು ಚಪ್ಪಟೆ ಎಲೆ ಮೇಲಕ್ಕೆ ಎದ್ದು, ಮಿಕ್ಕ ತುಂಡುಗಳ ಪಕ್ಕದಲ್ಲೇ ನಿಂತಿರುತ್ತದೆ. ಎರಡನೇ ತುಂಡಿನ ತುದಿಯಲ್ಲಿ ಎದುರುಬದುರಾಗಿ ಎರಡು ಪುಟ್ಟ ಮೊಗ್ಗುಗಳು. ಇವಕ್ಕೆ ಲೌಟರ್‌ಬಾರ್ನ್ ಅಂಗ ಎಂದು ಹೆಸರು. ಜರ್ಮನಿಯ ರೈನ್ ನದಿಯ ಜೀವಿಗಳನ್ನು ಜೀವಮಾನವಿಡೀ ನೋಡಿದ ರಾಬರ್ಟ್ ಲೌಟರ್‌ಬಾರ್ನ್ (1869–1952) ಹೆಸರು ಅದು.

ಈ ಮೊಗ್ಗುಗಳು ನನಗೆ ಬಹಳ ಪ್ರಿಯ. ಇದೇ ಕುಟುಂಬದ ಟ್ಯಾನಿಟಾರ್ಸಸ್ ಗುಂಪಿನ ಮರಿ ಸಿಕ್ಕರೆ ನೋಡಿ. ಅಲ್ಲಿ ಮೀಸೆಯೇ ಒಂದು ಪೀಠದ ಮೇಲೆ ನಿಂತಿರುತ್ತದೆ, ಮೊಗ್ಗುಗಳಿಗೆ ಉದ್ದನೆಯ ತೊಟ್ಟು ಇರುತ್ತದೆ. ತೊಟ್ಟು ಎಷ್ಟು ಉದ್ದ, ಮೊಗ್ಗು ಯಾವ ತುಂಡಿನ ಮೇಲೆ ಎಂಬುದರಿಂದಲೇ ಎಷ್ಟೋ ಬಗೆಗಳನ್ನು ಬೇರೆ ಮಾಡುತ್ತಾರೆ. ಮೊದಲ ತುಂಡಿನ ಉದ್ದವನ್ನು ಮಿಕ್ಕೆಲ್ಲ ತುಂಡುಗಳ ಒಟ್ಟು ಉದ್ದದಿಂದ ಭಾಗಿಸಿ ಬರೆದಿಟ್ಟುಕೊಳ್ಳಿ. ಗುರುತು ಹಿಡಿಯುವ ಪುಸ್ತಕಗಳಲ್ಲಿ ಈ ಲೆಕ್ಕ ಕೇಳುತ್ತಾರೆ.

ನಿಮ್ಮೂರಿನ ಕೆರೆಗೆ ಕೊಳಚೆ ನೀರು ಸೇರುತ್ತಿದ್ದರೆ, ಈ ಕೆಲಸಕ್ಕೆ ಇನ್ನೂ ಒಂದು ಬೆಲೆ ಇದೆ. ವಿಷ ಸೇರಿದ ಕೆಸರಿನಲ್ಲಿ ಬೆಳೆದ ಕೈರೊನೊಮಸ್ ಮರಿಗಳಲ್ಲಿ ಮೀಸೆ ಸೊಟ್ಟಗಾಗುವುದು, ತುಂಡು ಕಡಿಮೆ ಆಗುವುದು ಕಂಡುಬಂದಿದೆ. ಕೆನಡಾದ ವಾರ್ವಿಕ್ 1985ರಲ್ಲಿ ಮೀಸೆಯ ಇಂಥ ವಿಕಾರಗಳಿಗೆ ಅಂಕ ಕೊಡುವ ಕ್ರಮವನ್ನೇ ಮಾಡಿದರು. ಕೆರೆಯ ಒಂದು ಹಿಡಿ ಕೆಸರನ್ನು ಟೀ ಸೋಸುವ ಜರಡಿಯಲ್ಲಿ ತೊಳೆದು ಮೂವತ್ತು ಮರಿ ಹೆಕ್ಕಿ. ಪ್ರತಿಯೊಂದರ ಎರಡೂ ಮೀಸೆ ನೋಡಿ. ಅಂಗಡಿಯ ಹುಳ ಇದಕ್ಕೆ ಆಗದು, ಅದು ಯಾವ ನೀರಿನದೋ ನಮಗೆ ಗೊತ್ತಿಲ್ಲ. ಐಸಿನಿಂದ ಮುರಿದ ಮೀಸೆಯನ್ನು ವಿಕಾರ ಎಂದು ಎಣಿಸುವ ಅಪಾಯವೂ ಇದೆ.

ಇನ್ನೊಂದು ಸುಲಭದ ಪೊರೆ

ಕೆರೆಯಂಚಿನ ಜೊಂಡಿನ ಮೇಲೆ, ಬಾವಿಯ ಕಲ್ಲಿನ ಮೇಲೆ, ಭತ್ತದ ಗದ್ದೆಯ ಪೈರಿನ ಮೇಲೆ ಏರೋಪ್ಲೇನ್ ಚಿಟ್ಟೆಯ ಮರಿ ಬಿಟ್ಟ ಒಣ ಪೊರೆ ಅಂಟಿಕೊಂಡಿರುತ್ತದೆ. ಮನೆಗೆ ತಂದು ಉಗುರುಬೆಚ್ಚಗಿನ ನೀರಿನಲ್ಲಿ ಒಂದು ಗಂಟೆ ನೆನೆಸಿ. ಒಣಗಿದ್ದಾಗ ಮುಟ್ಟಿದರೆ ಮೀಸೆ ಪುಡಿಯಾಗುತ್ತದೆ. ಕಣ್ಣುಗಳ ಮುಂದೆ ಎರಡು ದಾರದಂಥ ಮೀಸೆ, ಸಾಮಾನ್ಯವಾಗಿ ಏಳು ತುಂಡು. ಹೊಳೆಯ ಮರಳಿನಲ್ಲಿ ಹುದುಗಿ ಕೂರುವ ಗೊಂಫಿಡೆ ಕುಟುಂಬದಲ್ಲಿ ನಾಲ್ಕೇ ತುಂಡು, ಮೂರನೆಯದು ಅಗಲವಾಗಿ ಚಪ್ಪಟೆ. ಇಲ್ಲಿ ಕೂದಲುಗಳು ದೊಡ್ಡವು, ಬುಡದ ಗುಳಿ ಬಹಳ ಸ್ಪಷ್ಟ. ಮೊದಲ ಸಲ ನೋಡುವ ಮಕ್ಕಳಿಗೆ ನಾನು ಇದನ್ನೇ ಕೊಡುತ್ತೇನೆ.

ಬದುಕಿರುವ ಮರಿಯನ್ನು ಕೇಳುವುದು

ಸ್ಲೈಡಿನಲ್ಲಿ ಕಂಡದ್ದು ಏನು ಕೆಲಸ ಮಾಡುತ್ತದೆ ಎಂದು ಮರಿಯೇ ಹೇಳಬೇಕು. ಅಗಲವಾದ ಬಿಳಿ ತಟ್ಟೆಯಲ್ಲಿ ಎರಡು ಬೆರಳಿನಷ್ಟು ನೀರು ಹಾಕಿ. ಬ್ರೆಡ್ಡಿಗೆ ಹಾಕುವ ಯೀಸ್ಟನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಒಂದು ಅಂಚಿಗೆ, ತೊಳೆದ ಮರಳಿನ ಗಂಟನ್ನು ಎದುರಿನ ಅಂಚಿಗೆ ಇಡಿ. ಒಂದೆರಡು ಗಂಟೆ ಊಟ ಕೊಡದೆ ಇಟ್ಟ ಇಪ್ಪತ್ತು ಮರಿಗಳನ್ನು ನಡುವೆ ಬಿಡಿ. ಎರಡೆರಡು ನಿಮಿಷಕ್ಕೆ ಎರಡೂ ಕಡೆ ಎಷ್ಟಿವೆ ಎಂದು ಎಣಿಸಿ, ಇಪ್ಪತ್ತು ನಿಮಿಷ. ತಟ್ಟೆಯ ಮೇಲೆ ಬಗ್ಗಬೇಡಿ. ನಿಮ್ಮ ನೆರಳು ಬಿದ್ದರೆ ಮರಿಗಳೆಲ್ಲ ತಳಕ್ಕೆ ಇಳಿಯುತ್ತವೆ. ಮೊಬೈಲನ್ನು ಮೇಲೆ ಕಟ್ಟಿ ಫೋಟೊ ತೆಗೆಯುವುದು ಒಳ್ಳೆಯದು. ಆಮೇಲೆ ನೀರು ಬದಲಿಸಿ, ಗಂಟುಗಳ ಜಾಗ ಅದಲುಬದಲು ಮಾಡಿ ಮತ್ತೆ ಎಣಿಸಿ. ಕಿಟಕಿಯ ಬೆಳಕಿಗೆ ಹೋದವೋ, ಯೀಸ್ಟಿಗೆ ಹೋದವೋ ಎಂಬುದು ಆಗ ಗೊತ್ತಾಗುತ್ತದೆ.

ಮರಿಗಳು ಯೀಸ್ಟಿನ ಕಡೆ ಸೇರಿದರೂ ಅದು ಮೀಸೆಯಿಂದಲೇ ಎಂದು ಹೇಳಲಾಗದು. ಬಾಯಿಯ ಸುತ್ತಲೂ ರುಚಿಯ ಅಂಗಗಳಿವೆ. ಎಣಿಕೆಯನ್ನು ಮಾತ್ರ ಬರೆದಿಡಿ.

ಮುಗಿಸುವಾಗ

ಸ್ಲೈಡಿನ ಮೇಲೆ ದಿನಾಂಕ, ಊರು, ನೀರು ಎಲ್ಲಿಯದು ಎಂದು ಬರೆಯಿರಿ. ಗ್ಲಿಸರಿನ್ ಸ್ಲೈಡುಗಳನ್ನು ನಿಲ್ಲಿಸದೆ ಮಲಗಿಸಿ ಇಡಿ, ಇಲ್ಲದಿದ್ದರೆ ತಲೆ ಜಾರಿ ಅಂಚಿಗೆ ಹೋಗುತ್ತದೆ. ಲೋಟಗಳನ್ನು ಎಣಿಸಿ. ಉಳಿದ ಮರಿ, ಪ್ಯೂಪಾ ಎಲ್ಲದರ ಮೇಲೆ ಕುದಿಯುವ ನೀರು ಸುರಿಯಿರಿ. ಲೋಟಗಳ ಒಳಗೋಡೆಯನ್ನು ಬ್ರಷ್ಷಿನಿಂದ ಚೆನ್ನಾಗಿ ಉಜ್ಜಿ ತೊಳೆಯಿರಿ, ಈಡಿಸ್ ಮೊಟ್ಟೆ ನೀರಿನ ಗೆರೆಯ ಬಳಿ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿ ಕಾಯುತ್ತದೆ. ಆಮೇಲೆ ಬೋರಲು ಹಾಕಿ ಬಿಸಿಲಿಗಿಡಿ. ಮರಿ ತಂದ ಡ್ರಮ್ಮನ್ನೂ ಹಾಗೇ ಉಜ್ಜಿ.